ಹೊಸ ಮನೆಯ ಮೊದಲ ಬೇಸಿಗೆ

ಶ್ರೀನಿವಾಸಪುರದ ಹೊರಗೆ, ಮಾವಿನ ತೋಪು ಕಡಿದು ಸೈಟು ಮಾಡಿದ ಜಾಗದಲ್ಲಿ ನಾವು ಮನೆ ಕಟ್ಟಿಸಿದೆವು. ಆಗ ಆ ಬೀದಿಯಲ್ಲಿ ಇದ್ದದ್ದು ಆರೇ ಮನೆ. ಗೃಹಪ್ರವೇಶದ ದಿನ ಒಳಗೆ ಕರೆತರಬೇಕಿದ್ದ ಹಸು ಟೈಲ್ಸ್ ಮೇಲೆ ಕಾಲಿಡಲು ಒಪ್ಪಲೇ ಇಲ್ಲ. ಮನೆ ಕಟ್ಟಿಕೊಟ್ಟ ಮೇಸ್ತ್ರಿ ನಮ್ಮ ಎದುರು ಮನೆಯವರೇ. ಅವರು ಓಡಿಹೋಗಿ ಗೋಣಿಚೀಲ ತಂದು ಬಾಗಿಲಿಂದ ಅಡುಗೆಮನೆವರೆಗೂ ಹಾಸಿದರು. ಅವರ ಹೆಂಡತಿಯನ್ನು ಬೀದಿಯವರೆಲ್ಲ ಆಪಾ ಅನ್ನುತ್ತೇವೆ, ಅವರ ಮಾತಿನಲ್ಲಿ ಅಕ್ಕ ಅಂತ. ಆಪಾ ಬಾಗಿಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು.

"ನಮ್ಮೋರು ಅಷ್ಟು ನುಣ್ಣಗೆ ಹಾಕವ್ರೆ ನೋಡಮ್ಮ, ಹಸೂಗೂ ಜಾರ್ತೀನೇನೋ ಅಂತ ಭಯ."

ನಾನು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಇಪ್ಪತ್ತು ವರ್ಷ ಬಾಡಿಗೆ ವಠಾರದಲ್ಲಿದ್ದೆವು. ಅಲ್ಲಿ ನಾಲ್ಕು ಮನೆಗೆ ಒಂದು ಬಚ್ಚಲು. ಬಕೆಟ್ ಹಿಡಿದು ಸಾಲಲ್ಲಿ ನಿಲ್ಲಬೇಕು, ಒಳಗೆ ಹೋದರೆ ಹೊರಗಿನವರು ಬಾಗಿಲು ಬಡಿಯುತ್ತಾರೆ. ಹಾಗಾಗಿ ಹೊಸ ಮನೆಗೆ ಬಂದ ಮೊದಲ ವಾರ ನಾನು ದಿನಕ್ಕೆರಡು ಸಲ ಸ್ನಾನ ಮಾಡಿದೆ. ಸೋಲಾರ್ ನೀರು ನಲ್ಲಿಯಿಂದ ಬಿಸಿಬಿಸಿಯಾಗಿ ಬೀಳುತ್ತಿದ್ದರೆ ಹೊರಗೆ ಬರುವುದಕ್ಕೇ ಮನಸ್ಸಾಗುತ್ತಿರಲಿಲ್ಲ. ಅಡುಗೆಮನೆಯ ಕಲ್ಲನ್ನು ಮೇಸ್ತ್ರಿ ನನ್ನನ್ನೇ ನಿಲ್ಲಿಸಿ, ನನ್ನ ಸೊಂಟದ ಎತ್ತರ ನೋಡಿ ಕೂರಿಸಿದ್ದರು. ಶಾಲೆಯಲ್ಲಿ ಬಗ್ಗಿ ಬಗ್ಗಿ ದೊಡ್ಡ ಪಾತ್ರೆ ಕೆದಕಿ ಬಂದವಳಿಗೆ, ನೆಟ್ಟಗೆ ನಿಂತು ಮೂರು ಜನಕ್ಕೆ ಮುದ್ದೆ ಮಾಡುವುದು ಆಟವಾಡಿದ ಹಾಗಿರುತ್ತಿತ್ತು.

ಮೂರು ಜನ ಅಂದರೆ ನಾನು, ನನ್ನ ಗಂಡ, ನನ್ನ ಅತ್ತೆ. ಮಗಳು ಮದುವೆಯಾಗಿ ಕೋಲಾರದಲ್ಲಿದ್ದಾಳೆ. ಗಂಡ ಕ್ಯಾಂಟರ್ ಓಡಿಸುತ್ತಾರೆ. ಮಾವಿನ ಕಾಲದಲ್ಲಿ ಮನೆಗೆ ಬರುವುದೇ ಅಪರೂಪ. ಅತ್ತೆಗೆ ಎಪ್ಪತ್ತು ದಾಟಿದೆ. ಕೋಪ ಬಂದರೆ ತೆಲುಗು, ಸಮಾಧಾನವಿದ್ದರೆ ಕನ್ನಡ.

ಪಕ್ಕದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅವನು ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡುತ್ತಿದ್ದ. ಹತ್ತು ದಿನ ಹೊರಗೆ, ನಾಲ್ಕೈದು ದಿನ ಮನೆಯಲ್ಲಿ. ಅವಳಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇದ್ದೀತು. ಮುಳಬಾಗಿಲ ಕಡೆಯವಳು. ಲಾರಿ ಹೋದ ದಿನವೇ ಅವಳು ನಮ್ಮ ಮನೆಗೆ ಬರುತ್ತಿದ್ದಳು. ಮಧ್ಯಾಹ್ನ ಹಾಲ್‌ನಲ್ಲಿ ನಾನು, ಆಪಾ, ಅತ್ತೆ, ಅವಳು ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕೂತು, ತೋಪಿನವರು ಕೊಟ್ಟ ಗಿಣಿಮೂತಿ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತಿದ್ದೆವು. ಇಷ್ಟು ಜನ ಹೆಂಗಸರು ಕೂರುವಷ್ಟು ಜಾಗ ನನ್ನ ಜೀವನದಲ್ಲಿ ಅದೇ ಮೊದಲು. ಅವಳು ಚೆನ್ನಾಗಿ ಅಣಕಿಸುತ್ತಿದ್ದಳು. ನಮ್ಮತ್ತೆ ಫೋನಿನಲ್ಲಿ ಮಾತಾಡುವುದನ್ನು ಅತ್ತೆಯ ಮುಂದೆಯೇ ಮಾಡಿ ತೋರಿಸಿ, ಅತ್ತೆಯನ್ನೇ ನಗಿಸಿದ್ದಳು.

ಲಾರಿ ವಾಪಸು ಬಂದ ದಿನದಿಂದ ಅವಳು ಬರುತ್ತಿರಲಿಲ್ಲ. ಎರಡು ಮನೆಯ ಗೋಡೆಗಳ ನಡುವೆ ಇದ್ದದ್ದು ಮೂರಡಿ ಸಂದು. ನಮ್ಮ ಅಡುಗೆಮನೆ ಕಿಟಕಿಗೆ ಅವರ ಮಲಗುವ ಕೋಣೆಯ ಸದ್ದೆಲ್ಲ ಕೇಳುತ್ತಿತ್ತು. ಮೊದಲು ಅವನ ಬೈಗುಳ, ಆಮೇಲೆ ಏಟಿನ ಸದ್ದು. ಬೆಲ್ಟಿನ ಏಟು ಬೇರೆ ಥರ ಕೇಳುತ್ತದೆ, ಕೈ ಏಟು ಬೇರೆ ಥರ. ಗೋಡೆಗೆ ತಲೆ ಬಡಿಸಿದ ಸದ್ದು ಇವೆರಡಕ್ಕಿಂತಲೂ ಬೇರೆ. ಅವಳು ಕಿರುಚುತ್ತಿರಲಿಲ್ಲ. ಅದೇ ನನಗೆ ತಡೆಯಲಾಗದಿದ್ದದ್ದು.

ಒಂದು ದಿನ ಹೋಗಿ ಕೇಳುತ್ತೇನೆಂದು ಎದ್ದೆ. ಅತ್ತೆ ಕೈ ಹಿಡಿದು ಕೂರಿಸಿದರು.

"ಊರುಕೋ, ಸುಮ್ನಿರು. ಗಂಡ ಹೆಂಡ್ತಿ ಮಧ್ಯೆ ಹೋಗಬಾರದು. ನಿಮ್ಮಾವ ನನಗೆ ಏಟು ಹಾಕ್ದಾಗ ಯಾರು ಬಂದಿದ್ರು? ನಾನು ಸತ್ತೋದ್ನಾ?"

ನನ್ನ ಮಾವ ಹೊಡೆಯುತ್ತಿದ್ದರೆಂದು ನನಗೆ ಅವತ್ತೇ ಗೊತ್ತಾಗಿದ್ದು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಆ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ನಾನು ಕೂತುಬಿಟ್ಟೆ. ನಲ್ಲಿ ಜೋರಾಗಿ ಬಿಟ್ಟು ಪಾತ್ರೆ ತೊಳೆದೆ, ಕೇಳಿಸಬಾರದು ಅಂತ. ಅಂಥ ದಿನಗಳು ಮೂರು ನಾಲ್ಕು ಆದವು. ಅದನ್ನು ಮುಚ್ಚಿಟ್ಟು ಮುಂದಿನದನ್ನು ಮಾತ್ರ ಹೇಳಿದರೆ ಸರಿಯಾಗುವುದಿಲ್ಲ.

ಶಾಲೆಗೆ ಬೇಸಿಗೆ ರಜ. ಮಧ್ಯಾಹ್ನ ಹನ್ನೆರಡೂವರೆ ಇರಬಹುದು. ಎಸರು ಕುದಿಯುತ್ತಿತ್ತು, ಹಿಟ್ಟು ಹಾಕಿ ಮುದ್ದೆ ತಿರುವುತ್ತಿದ್ದೆ. ಹಿತ್ತಲ ಕಡೆಯಿಂದ ಅವಳು ಓಡಿಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಣೆಯ ಮೇಲಿಂದ ರಕ್ತ ಇಳಿದು ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಬಾಯಿ ತೆರೆದಾಗ ಹಲ್ಲಿನ ಸಂದೆಲ್ಲ ಕೆಂಪು.

"ಅಕ್ಕ, ಮಚ್ಚು ತಗೊಂಡವ್ನೆ," ಅಂದಳು. ಅಷ್ಟೇ ಹೇಳಿ ಅಡುಗೆಮನೆ ನೆಲದ ಮೇಲೆ ಕುಸಿದಳು.

ಅತ್ತೆ ಹಾಲ್‌ನಲ್ಲಿ ಟಿವಿ ನೋಡುತ್ತಿದ್ದರು. ಎದ್ದು ಬಂದರು, ಅವಳನ್ನು ನೋಡಿದರು. ಹೋಗಿ ಮುಂಬಾಗಿಲಿಗೆ ಚಿಲಕ ಹಾಕಿದರು. ಮೇಲಿನದು, ಕೆಳಗಿನದು, ಎರಡೂ.

ಅವನು ಮೊದಲು ಮುಂಬಾಗಿಲಿಗೇ ಬಂದ. ತುಳಸಿ ಕುಂಡ ಒಡೆದ ಸದ್ದು ಕೇಳಿತು, ಆಮೇಲೆ ಹಾಲ್ ಕಿಟಕಿಯ ಗಾಜು. ಗಾಜಿನ ಚೂರು ಸೋಫಾದ ಮೇಲೆಲ್ಲ ಹಾರಿತು. ಬಾಗಿಲಿಗೆ ಮಚ್ಚಿನ ಏಟು ಬೀಳುತ್ತಿತ್ತು. ಏಟಿಗೊಂದು ಸಲ ಮನೆಯೇ ದುಂ ಅನ್ನುತ್ತಿತ್ತು.

"ಕಳಿಸ್ರೇ ಅವಳ್ನ ಆಚೆಗೆ. ನನ್ನ ಹೆಂಡ್ತಿ ಅವಳು. ನಿಮ್ಮನ್ನೂ ಸೇರ್ಸಿ ಕಡೀತೀನಿ."

ನಾನು ಗಂಡನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಎದುರು ಮನೆ ಆಪಾಗೆ ಮಾಡಿದೆ. "ನೋಡ್ತಾ ಇದೀನಿ, ಪೊಲೀಸ್‌ಗೆ ಫೋನ್ ಹಚ್ಚಿದೀನಿ. ಬಾಗಿಲು ತೆಗೀಬ್ಯಾಡ, ತೆಗೀಲೇಬ್ಯಾಡ," ಅಂದರು.

ನಾವು ಮರೆತದ್ದು ಹಿತ್ತಲ ಬಾಗಿಲನ್ನು. ಅವಳು ಬಂದ ದಾರಿಯೇ ಅದು. ಮುಂದೆ ಸದ್ದು ನಿಂತಾಗ ನನಗೆ ಹೊಳೆಯಿತು. ನಾನು ಆ ಕಡೆ ತಿರುಗುವುದರೊಳಗೆ ಅವನು ಒಳಗೆ ಬಂದಿದ್ದ.

ಅವನನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಕುಡಿದಿರಲಿಲ್ಲ. ಜನ ಆಮೇಲೆ ಕುಡಿದಿದ್ದ ಅಂದರು, ಅದು ಸುಳ್ಳು. ಶರ್ಟು ಇಸ್ತ್ರಿ ಮಾಡಿದ್ದು, ತಲೆ ಬಾಚಿದ್ದ. ಕೆಳಗೆ ಬಿದ್ದಿದ್ದವಳ ಜಡೆಗೆ ಕೈ ಹಾಕಿದ. ಅತ್ತೆ ನಡುವೆ ಬಂದು ನಿಂತರು.

"ಬಿಡ್ರಾ ಅವಳ್ನ. ಮೊದ್ಲು ನನ್ನ ಕಡೀರಾ."

ಅವನು ಕಡಿಯಲಿಲ್ಲ, ಮೊಣಕೈಯಿಂದ ಎದೆಗೆ ತಳ್ಳಿದ. ಅತ್ತೆ ಹಿಂದಕ್ಕೆ ಬಿದ್ದರು. ಅಡುಗೆ ಕಲ್ಲಿನ ಮೂಲೆಗೆ ಅವರ ತಲೆಯ ಹಿಂಭಾಗ ಬಡಿಯಿತು. ತೆಂಗಿನಕಾಯಿ ಒಡೆಯುವ ಸದ್ದಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಬಿಳಿಕೂದಲಲ್ಲಿ ರಕ್ತ ಹರಡಿದ್ದು ನೋಡಿದೆ.

ಮುದ್ದೆ ಕೋಲು ನನ್ನ ಕೈಯಲ್ಲೇ ಇತ್ತು. ತುದಿಗೆ ಬಿಸಿ ಹಿಟ್ಟು ಮೆತ್ತಿತ್ತು. ನಾನು ಎರಡು ಕೈಯಲ್ಲೂ ಹಿಡಿದು ಬೀಸಿದೆ. ಇನ್ನೂರು ಮಕ್ಕಳ ಅನ್ನ ಕೆದಕುವ ಕೈ ನನ್ನದು. ಮೊದಲ ಏಟು ಮಚ್ಚು ಹಿಡಿದ ಕೈಯ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿದದ್ದು ಕೋಲಿನ ಮೂಲಕವೇ ನನ್ನ ಅಂಗೈಗೆ ಗೊತ್ತಾಯಿತು. ಮಚ್ಚು ಕೆಳಗೆ ಬಿತ್ತು. ಅವಳು ಬಿದ್ದಲ್ಲಿಂದಲೇ ಕಾಲು ಚಾಚಿ ಅದನ್ನು ಸಿಲಿಂಡರ್ ಹಿಂದಕ್ಕೆ ಒದ್ದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಅವನು ಕೈ ಹಿಡಿದುಕೊಂಡು ಮಂಡಿಯೂರಿದ, ನಾನು ಹೆಗಲಿಗೆ ಹೊಡೆದೆ. ಬೆನ್ನಿಗೆ ಹೊಡೆದೆ. ಅವನು "ಅಕ್ಕ, ಬೇಡಕ್ಕ" ಅಂದ. ಆಗಲೂ ಹೊಡೆದೆ. ನಲ್ಲಿ ಬಿಟ್ಟು ಪಾತ್ರೆ ತೊಳೆದ ಒಂದೊಂದು ದಿನವೂ ಕಣ್ಣ ಮುಂದೆ ಬರುತ್ತಿತ್ತು. ನನಗೆ ಸುಖವಾಗುತ್ತಿತ್ತು. ಇದನ್ನು ನಾನು ಪೊಲೀಸರಿಗೆ ಹೇಳಿಲ್ಲ, ವಕೀಲರಿಗೂ ಹೇಳಿಲ್ಲ. ಅವನ ಕಿವಿಯಿಂದ ರಕ್ತ ಬಂದಾಗ ನನಗೆ ಇನ್ನೂ ಬೇಕು ಅನ್ನಿಸಿತು.

ಹಿಂದಿನಿಂದ ಯಾರೋ ನನ್ನ ಸೊಂಟ ಬಳಸಿ ಎಳೆದರು. ಆಪಾ. ಹಿತ್ತಲಿಂದ ಬಂದಿದ್ದರು, ಕೈಯಲ್ಲಿ ಮನೆಯ ಒನಕೆ. ಹಿಂದೆಯೇ ಇನ್ನೂ ಮೂರು ಮನೆಯ ಹೆಂಗಸರು.

"ಬಸ್, ಸಾಕು ಮಾಡಮ್ಮ. ಸತ್ರೆ ನೀನು ಒಳಗೆ ಹೋಗ್ತೀಯ. ಅವನಿಗೋಸ್ಕರ ಹೋಗ್ತೀಯಾ?"

ನಾನು ನಿಲ್ಲಿಸಿದೆ. ನನ್ನ ಕೈಯಿಂದ ಕೋಲು ಬಿಡಿಸುವುದಕ್ಕೆ ಆಪಾ ಒಂದೊಂದೇ ಬೆರಳು ಎತ್ತಬೇಕಾಯಿತು.

ಮೇಸ್ತ್ರಿ ಮತ್ತು ಇನ್ನಿಬ್ಬರು ಗಂಡಸರು ಅವನನ್ನು ಹೊರಗೆಳೆದು ಬೀದಿಯ ಹುಣಸೆ ಮರದ ಕೆಳಗೆ ಕೂರಿಸಿ ಕಾದರು. ಪೊಲೀಸರು ಬಂದು ಕರೆದುಕೊಂಡು ಹೋದರು. ಅತ್ತೆಯನ್ನೂ ಅವಳನ್ನೂ ಮೇಸ್ತ್ರಿಯ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅತ್ತೆಗೆ ಒಂಬತ್ತು ಹೊಲಿಗೆ. ಅವಳಿಗೆ ಹಣೆಯಲ್ಲಿ ಆರು, ಜೊತೆಗೆ ಎರಡು ಪಕ್ಕೆಲುಬಲ್ಲಿ ಬಿರುಕು. ಅದರಲ್ಲಿ ಒಂದು ಹಳೆಯ ಬಿರುಕು ಎಂದು ಡಾಕ್ಟರು ಹೇಳಿದರು.

ನನ್ನ ಗಂಡ ಸಂಜೆ ಬಂದರು. ಒಡೆದ ಗಾಜು ನೋಡಿದರು, ಅಡುಗೆಮನೆ ನೋಡಿದರು. ಟೈಲ್ಸ್ ಸಂದುಗಳಲ್ಲಿ ರಕ್ತ ಇಳಿದು ಕಪ್ಪಗಾಗಿತ್ತು.

"ಮನೆಗೆ ಬಂದು ಇನ್ನೂ ಮೂರು ತಿಂಗಳಾಗಿಲ್ಲ," ಅಂದರು. "ರಕ್ತ ಬಿತ್ತಲ್ಲೇ. ಶಾಂತಿ ಮಾಡಿಸ್ಬೇಕು."

ತಲೆಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ ಅತ್ತೆ ಕಣ್ಣು ಬಿಡದೆ ಹೇಳಿದರು: "ಯಾವ ಶಾಂತೀನೂ ಬೇಡ. ನೀರಾಕಿ ತೊಳೀರಿ. ನಮ್ಮಪ್ಪನ ಮನೇಲಿ, ಅತ್ತೆ ಮನೇಲಿ ನನ್ನ ರಕ್ತ ಎಷ್ಟು ಬಿದ್ದಿಲ್ಲ. ಯಾರು ಶಾಂತಿ ಮಾಡ್ಸಿದ್ರು?"

ನನ್ನ ಗಂಡನಿಗೆ ಅವರಪ್ಪನ ವಿಷಯ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಅವರು ಶರ್ಟು ಬಿಚ್ಚಿಟ್ಟು, ಮಂಡಿಯೂರಿ ಕೂತು, ಬ್ರಷ್ಷಿನಿಂದ ಆ ಸಂದುಗಳನ್ನೆಲ್ಲ ಒಬ್ಬರೇ ಉಜ್ಜಿದರು. ನಾನು ಸಹಾಯಕ್ಕೆ ಹೋದರೆ ಬೇಡ ಅಂದರು.

ಅವಳು ಹನ್ನೊಂದು ದಿನ ನಮ್ಮಲ್ಲಿದ್ದಳು. ಕೈ ಎತ್ತಲಾಗುತ್ತಿರಲಿಲ್ಲ. ನಾನೇ ಬಚ್ಚಲಲ್ಲಿ ಕೂರಿಸಿ, ಹೊಲಿಗೆಗೆ ತಾಗದ ಹಾಗೆ ಬಿಸಿನೀರು ಹಾಕುತ್ತಿದ್ದೆ. ಅವಳ ಬೆನ್ನನ್ನು ಆಗಲೇ ನಾನು ನೋಡಿದ್ದು. ಬೆಲ್ಟಿನ ಬರೆಗಳು ಒಂದರ ಮೇಲೊಂದು, ಹಳೆಯವು ಕಂದು, ಹೊಸವು ನೇರಳೆ. ನಾನು ಕೇಳಿಸಿಕೊಂಡ ದಿನಗಳಿಗಿಂತ ಆ ಬರೆಗಳು ಬಹಳ ಹೆಚ್ಚಿದ್ದವು.

"ನಿಮಗೆ ಕೇಳಿಸ್ತಿತ್ತಾ ಅಕ್ಕ?" ಅಂತ ಒಂದು ಸಲ ಕೇಳಿದಳು.

"ಕೇಳಿಸ್ತಿತ್ತು," ಅಂದೆ.

ಅವಳು ನೀರು ಹಾಕಿ ಅಂತ ತಲೆ ಬಗ್ಗಿಸಿದಳು.

ಬೀದಿಯ ಹೆಂಗಸರು ಸರದಿ ಹಾಕಿಕೊಂಡು ಬಂದರು. ಹೊತ್ತಿಗೊಬ್ಬರಂತೆ ಮುಂಬಾಗಿಲಲ್ಲಿ ಕೂರುತ್ತಿದ್ದರು, ಅವನ ಕಡೆಯವರು ಬಂದಾರೆಂದು. ಆಪಾ ಸಾರು ತರುತ್ತಿದ್ದರು. ಎಲ್ಲರೂ ಹಾಗಿರಲಿಲ್ಲ. ಕೊನೆಯ ಮನೆಯ ಯಜಮಾನರು ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದರು. ಹೆಂಗಸಿಗೆ ಇಷ್ಟು ರೋಷ ಒಳ್ಳೆಯದಲ್ಲ ಎಂದು ನನ್ನ ಗಂಡನ ಹತ್ತಿರ ಹೇಳಿದರಂತೆ. ಅದಕ್ಕೆ ನನ್ನ ಗಂಡ, "ಹೌದು ಸ್ವಾಮಿ, ಅದಕ್ಕೇ ನಾನು ಮನೇಲಿ ಹುಷಾರಾಗಿರ್ತೀನಿ," ಅಂದರಂತೆ. ಅದನ್ನು ಬಂದು ಹೇಳುವಾಗ ಅವರ ಮುಖದಲ್ಲಿ ನಗುವಿರಲಿಲ್ಲ.

ಹನ್ನೆರಡನೇ ದಿನ ಅವಳ ಅಣ್ಣ ಬಂದು ಕರೆದುಕೊಂಡು ಹೋದ. ಎರಡು ತಿಂಗಳಾದ ಮೇಲೆ ಅವಳು ಮಾಲೂರಿನಲ್ಲಿ ಒಂದು ಗಾರ್ಮೆಂಟ್ಸ್‌ಗೆ ಸೇರಿದಳು. ಅವನು ಜಾಮೀನಿನ ಮೇಲೆ ಬಂದು, ಪಕ್ಕದ ಮನೆ ಖಾಲಿ ಮಾಡಿ ಹೋದ. ನನ್ನ ಮೇಲೂ ದೂರು ಕೊಟ್ಟ. ಅವನ ಮಣಿಕಟ್ಟು ಸರಿಯಾಗಿ ಕೂಡಿಕೊಂಡಿಲ್ಲವಂತೆ, ಬೋರ್ ಕೆಲಸ ಬಿಟ್ಟನಂತೆ. ಕೋರ್ಟಿನಲ್ಲಿ ಅವನು ಎಡಗೈಯಲ್ಲಿ ಸಹಿ ಹಾಕುವುದನ್ನು ನೋಡಿದೆ. ಪಾಪ ಅನ್ನಿಸಲಿಲ್ಲ. ಆದರೆ ಅವತ್ತಿನ ಸುಖವೂ ಎಲ್ಲೂ ಇರಲಿಲ್ಲ. ಹೊರಗೆ ಬಂದು ನಿಂತೆ.

ಎರಡು ಕೇಸೂ ಇನ್ನೂ ನಡೆಯುತ್ತಿವೆ. ವಾಯಿದೆಯ ದಿನ ಆಪಾ ಸಾಕ್ಷಿಯಾಗಿ ಜೊತೆಗೆ ಬರುತ್ತಾರೆ. ಅವಳೂ ಮಾಲೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಾಳೆ. ಹೋದ ಸಲ ಬೇಗ ಮುಗಿಯಿತು. ಮನೆಗೆ ಬಂದು ನಾಲ್ಕೂ ಜನ ಊಟ ಮಾಡಿದೆವು. ಅವರೆಕಾಯಿ ಕಾಲ. ಅತ್ತೆ ನೆನೆಹಾಕಿದ್ದ ಕಾಳನ್ನು ಹಾಲ್‌ಗೆ ತಂದಿಟ್ಟರು, ಬೀದಿಯ ಹೆಂಗಸರು ಬಂದು ಸುತ್ತ ಕೂತು ಹಿದುಕತೊಡಗಿದರು. ಅವಳೂ ನಾಲ್ಕು ಕಾಳು ಹಿದುಕಿದಳು. ಆಮೇಲೆ ಹಾಗೇ ಪಕ್ಕಕ್ಕೆ ಒರಗಿ, ಸೆರಗು ತಲೆಯ ಕೆಳಗೆ ಮಡಚಿಟ್ಟುಕೊಂಡು ಮಲಗಿದಳು. ನಾವು ಜೋರಾಗಿ ಮಾತಾಡಿದರೂ, ಆಪಾ ಎರಡು ಸಲ ಗಹಗಹಿಸಿ ನಕ್ಕರೂ ಅವಳಿಗೆ ಎಚ್ಚರವಾಗಲಿಲ್ಲ. ಐದೂವರೆ ಬಸ್ಸಿಗೆ ಎಬ್ಬಿಸಬೇಕೇನೋ ಎಂದು ನಾನು ಕೈ ಮುಂದೆ ಮಾಡಿದೆ.

"ಮಲಗ್ಲಿ ಬಿಡು," ಅಂದರು ಅತ್ತೆ. "ನಾಳೆ ಹೋಗ್ತಾಳೆ."