ಕೊಡದ ಮಾತು

ಆ ಬೀದಿಯಲ್ಲಿ ಅವಳಿಗೆ ‘ನೋಡೋಣಕ್ಕ’ ಎಂದೇ ಹೆಸರು. ಬಟ್ಟೆ ಹೊಲಿಯುವವರೆಲ್ಲ “ನಾಳೆ ಬನ್ನಿ, ರೆಡಿ ಇರುತ್ತೆ” ಎಂದು ಗಿರಾಕಿಗಳ ಚಪ್ಪಲಿ ಸವೆಸುವಾಗ, ಇವಳೊಬ್ಬಳು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು “ನೋಡೋಣ” ಎನ್ನುತ್ತಿದ್ದಳು. ಮದುವೆ ಬಟ್ಟೆ ತಂದವರು ಗೋಗರೆದರೂ ಅಷ್ಟೇ. ಮಿಷನ್ನಿನ ಪಕ್ಕದ ರಾಶಿಯನ್ನು ಕಣ್ಣಲ್ಲೇ ಅಳೆದು, ಖಾತ್ರಿಯಾದರೆ ಮಾತ್ರ “ಶುಕ್ರವಾರ ಸಂಜೆ” ಎನ್ನುವಳು. ಆಮೇಲೆ ಕರೆಂಟು ಹೋಗಲಿ, ಜ್ವರ ಬರಲಿ, ಶುಕ್ರವಾರ ಸಂಜೆ ಎಂದರೆ ಶುಕ್ರವಾರ ಸಂಜೆಯೇ. ಅವಳಿಗೆ ಕೊಬ್ಬು ಎಂದು ಜನ ಮೂಗು ಮುರಿದರು. ಮುರಿಯಲಿ. ಬಟ್ಟೆ ತಂದುಕೊಡುವುದು ಮಾತ್ರ ಅವಳಿಗೇ.

ಅವಳ ಅಪ್ಪ ಲಾರಿ ಓಡಿಸಿ ನಾಲ್ಕು ಮಕ್ಕಳನ್ನು ಸಾಕಿದವನು; ಇವಳೇ ಹಿರಿಯಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಕಿರಿಯ ಮಗಳನ್ನು ನಿನ್ನ ಮಗನಿಗೇ ಕೊಡುತ್ತೇನೆಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಇನ್ನೊಬ್ಬ ಡ್ರೈವರನಿಗೆ ಮಾತು ಕೊಟ್ಟುಬಿಟ್ಟಿದ್ದ. ಮಗಳನ್ನು ಕೇಳಿಯೇ ಇರಲಿಲ್ಲ. ಮದುವೆಯಾದವನು ಕುಡಿದು ಹೊಡೆಯತೊಡಗಿದಾಗ ತಂಗಿ ಮಗುವನ್ನೆತ್ತಿಕೊಂಡು ಹೊರಬಂದಳು. ಅಪ್ಪನಿಗೆ ಅವಳ ಊದಿದ ಕೆನ್ನೆ ಕಾಣಲಿಲ್ಲ. ತನ್ನ ಮಾತು ಮಣ್ಣುಪಾಲಾದದ್ದು ಕಂಡಿತು. ಅಂದಿನಿಂದ ಅವಳಿಗೆ ಮನೆಯ ಬಾಗಿಲು ಮುಚ್ಚಿತು.

ಈಗ ಅಪ್ಪ ಹಾಸಿಗೆ ಹಿಡಿದಿದ್ದ. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿಯಾಗಿತ್ತು. ಒಂದು ಮಧ್ಯಾಹ್ನ ಅವನು ಹಿರಿಮಗಳನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದು ಕೈ ಚಾಚಿದ.

“ನಾನು ಸತ್ತರೂ ಅವಳು ಈ ಹೊಸ್ತಿಲು ತುಳೀಬಾರದು. ನನ್ನ ಕೈಮೇಲೆ ಕೈಯಿಟ್ಟು ಭಾಷೆ ಕೊಡಿ.”

ದೊಡ್ಡ ತಮ್ಮ ಹಿಂದೆಮುಂದೆ ನೋಡದೆ ಕೈಯಿಟ್ಟ. ಚಿಕ್ಕವನು ಫೋನನ್ನು ಜೇಬಿಗೆ ಹಾಕಿ, ಕಣ್ಣಲ್ಲಿ ಇಷ್ಟು ನೀರೂ ತಂದುಕೊಂಡು ಕೈಯಿಟ್ಟ. ಸರದಿಯಲ್ಲಿ ಬಂದು ನೋಡಿಕೊಳ್ಳುತ್ತೇವೆ ಎಂದು ಆಸ್ಪತ್ರೆಯಲ್ಲೂ ಇಬ್ಬರೂ ಹೀಗೇ ಆಣೆ ಇಟ್ಟಿದ್ದರು. ನಾಲಿಗೆಗೆ ಎಲುಬಿಲ್ಲವಲ್ಲ! ಅಪ್ಪನ ಮೈ ಒರೆಸಿ, ಮಗ್ಗುಲು ಬದಲಿಸಿ ಮಲಗಿಸುತ್ತಿದ್ದವಳು ಅಕ್ಕನೇ.

ಅಪ್ಪ ಕೈ ಹಿಂತೆಗೆಯಲಿಲ್ಲ. “ನೀನು?” ಎಂದ.

“ನಾನು ಕೊಡಲ್ಲಪ್ಪ.”

ದೊಡ್ಡ ತಮ್ಮ ಅವಳ ಕಿವಿಯ ಹತ್ತಿರ ಬಗ್ಗಿದ. “ಸುಮ್ನೆ ಹೂಂ ಅಂದ್ಬಿಡಕ್ಕ. ಆಮೇಲೆ ಯಾರು ಬಂದು ಕೇಳ್ತಾರೆ?”

ಅಪ್ಪನ ಕಿವಿ ಇನ್ನೂ ಚುರುಕಾಗಿತ್ತು. “ಕೇಳಿಸ್ಕೊಂಡ್ಯಾ?” ಎಂದ ಮಗಳಿಗೆ. “ಇವರ ಭಾಷೆ ಎಷ್ಟು ತೂಗುತ್ತೆ ಅಂತ ನಂಗೊತ್ತು. ನೀನು ಹೇಳಿದ್ರೆ ಮಾತ್ರ ಆ ಬಾಗಿಲು ಮುಚ್ಚಿರುತ್ತೆ. ಹೇಳು.”

ನಿನ್ನ ಮಾತೆಂದರೆ ಮಾತು ಎಂದು ಅಪ್ಪ ಒಮ್ಮೆಯಾದರೂ ಹೇಳಲಿ ಎಂದು ಚಿಕ್ಕಂದಿನಿಂದ ಕಾದವಳು ಅವಳು. ಈಗ ಹೇಳಿದ, ತಂಗಿ ಬರುವ ಬಾಗಿಲಿಗೆ ಬೀಗ ಜಡಿಸುವುದಕ್ಕೆ. ಅವಳಿಗೆ ಅಳುವಿನ ಜೊತೆಗೇ ಕೆಂಡದಂಥ ಸಿಟ್ಟು ಬಂತು.

“ಅದಕ್ಕೇ ಕೊಡಲ್ಲ. ಅವಳ ಬದುಕನ್ನ ಒಂದ್ಸಲ ನಿನ್ನ ಮಾತಿಗೆ ಗಂಟು ಹಾಕಿದೆ. ಈಗ ನನ್ನ ಮಾತಿಗೂ ಹಾಕ್ತೀಯಾ? ನಂದು ಏನು ಬೇಕೋ ಕೇಳು, ಕೊಡ್ತೀನಿ. ಅವಳದ್ದನ್ನ ಕೊಡೋಕೆ ನಾನ್ಯಾರು? ನೀನಾದ್ರೂ ಯಾರು?”

“ಹಾಗಾದ್ರೆ ನಿನ್ನ ಕೈಯಿಂದ ನೀರೂ ಬೇಡ” ಎಂದು ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

ಸಂಜೆಯೊಳಗೆ ಗಂಡುಮಕ್ಕಳು ಕೆಲಸದ ನೆಪ ಹೇಳಿ ಜಾಗ ಖಾಲಿ ಮಾಡಿದರು. ಬೆಳಿಗ್ಗೆ ಅಪ್ಪನ ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಅವಳು ಚಮಚದಲ್ಲಿ ನೀರು ಹಿಡಿದಳು.

“ಹೇಳ್ತೀಯಾ?” ಎಂದ.

“ಹೇಳಲ್ಲ. ಕುಡಿ.”

ದುರುಗುಟ್ಟಿಕೊಂಡೇ ಕುಡಿದ. ಆಮೇಲೆ ಅದೇ ಅವರಿಬ್ಬರ ಮಾತುಕತೆಯಾಯಿತು. ಅವನು ಕೇಳುವುದು ಬಿಡಲಿಲ್ಲ, ಅವಳು ಬಗ್ಗಲಿಲ್ಲ. ಒಂದು ಬೆಳಿಗ್ಗೆ ಅವನು ಕೇಳಲಿಲ್ಲ, ಉಸಿರು ನಿಂತಿತ್ತು. ಅವಳು ಮೊದಲು ಫೋನ್ ಮಾಡಿದ್ದು ತಂಗಿಗೆ.

ತಂಗಿ ಮಗುವಿನ ಜೊತೆ ಬಂದು ಬೀದಿಯಲ್ಲೇ ನಿಂತಳು. ತಮ್ಮಂದಿರಿಬ್ಬರೂ ಬಾಗಿಲಿಗೆ ಅಡ್ಡ ನಿಂತಿದ್ದರು. ಅಕ್ಕಪಕ್ಕದವರ ತಲೆಗಳೆಲ್ಲ ಕಿಟಕಿಯಲ್ಲಿದ್ದವು.

“ಅಪ್ಪನಿಗೆ ಭಾಷೆ ಕೊಟ್ಟಿದ್ದೀವಿ” ಎಂದ ದೊಡ್ಡವನು, ಎಲ್ಲರಿಗೂ ಕೇಳುವಂತೆ.

ಅಕ್ಕ ಒಳಗಿನಿಂದ ಬಂದಳು. “ಹುಟ್ಟಿದಾಗಿನಿಂದ ಒಂದು ಮಾತು ಉಳಿಸ್ಕೊಂಡಿಲ್ಲ, ಇವತ್ತು ತಂಗಿ ಅಳ್ತಾ ನಿಂತಾಗ ಸತ್ಯವಂತರಾದ್ರಾ? ಭಾಷೆ ಕೊಟ್ಟೋರು ನೀವು. ಅವಳ ಮುಖ ನೋಡೋಕಾಗದಿದ್ರೆ ನೀವೇ ಆಚೆ ಹೋಗಿ. ನಾನು ಯಾರಿಗೂ ಏನೂ ಕೊಟ್ಟಿಲ್ಲ.” ಅಡ್ಡವಿದ್ದ ತೋಳನ್ನು ಸರಿಸಿ, ಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದಳು.

ತಂಗಿ ಕದಲಲಿಲ್ಲ. “ಅಕ್ಕಾ, ಕಡೇ ಗಳಿಗೇಲಾದ್ರೂ ಅಪ್ಪ ನನ್ನ ಕ್ಷಮಿಸಿದ್ನಾ?”

ಹೌದು ಎಂದುಬಿಡುವುದು ಎಷ್ಟು ಸುಲಭವಿತ್ತು! ಕಿಟಕಿಯ ತಲೆಗಳೂ ಅದನ್ನೇ ಕಾಯುತ್ತಿದ್ದವು.

“ಇಲ್ಲ” ಎಂದಳು ಅಕ್ಕ. “ಕ್ಷಮಿಸಲಿಲ್ಲ. ಒಳಗೆ ಬಾ.”