ಕಾಕಾನ ಹವಳ, ಕಾಕಾನ ಜರಿ

ನಿನ್ನೆ ಜಮಖಂಡಿಯಲ್ಲಿ ಹಲ್ಲಿನ ಡಾಕ್ಟರರ ಹತ್ತಿರ ಸರದಿಗಾಗಿ ಕಾಯುತ್ತ ಕುಳಿತಿದ್ದೆ. ಮೂಲೆಯಲ್ಲೊಂದು ಗಾಜಿನ ತೊಟ್ಟಿ. ಅದರಲ್ಲಿ ನಾಲ್ಕು ಮೀನು, ಒಂದು ಪ್ಲಾಸ್ಟಿಕ್ ಹವಳ, ಎಡೆಬಿಡದ ಗುಳುಗುಳು ಸದ್ದು. ಆ ಸದ್ದಿಗೆ ನನ್ನ ಹಲ್ಲಿಗಿಂತ ಹಳೆಯದೊಂದು ನೋವು ಎದ್ದು ಕುಳಿತಿತು. ನೋವೆಂದರೆ ದೊಡ್ಡ ಮಾತಾಯಿತೇನೋ, ಮುಜುಗರ ಎನ್ನೋಣ. ನಾನು ದಿನಚರಿ ಬರೆಯುವವನು ಮಾರಾಯರೆ. ಧಾರವಾಡದಲ್ಲಿ ಇತಿಹಾಸ ಓದಿ, ನೆನಪನ್ನು ನಂಬಬಾರದೆಂದು ಕಲಿತು ಬಂದೆ. ದಿನಚರಿಯನ್ನೂ ನಂಬಬಾರದೆಂದು ಕಲಿಯಲು ಇನ್ನೂ ಕೆಲವು ವರ್ಷ ಹಿಡಿಯಿತು.

ಬನಹಟ್ಟಿಯ ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಮನೆಯ ಹಿಂದೆ ಮಗ್ಗ ಓಡಿಸಿ ಮುಂದಿನ ಖೋಲಿಯಲ್ಲಿ ಸೀರೆ ಮಾರುವವನು. ಗಿರಾಕಿಗೆ ಚಹಾ ಕೊಟ್ಟು, ಸೀರೆಯ ಸೆರಗು ಬಿಡಿಸಿ, ಎದೆ ಮುಟ್ಟಿಕೊಂಡು, "ಅಸಲಿ ಬೆಳ್ಳಿ ಜರಿ ಐತ್ರಿ" ಎನ್ನುವುದು ಅವನ ಪದ್ಧತಿ. ಎದೆ ಮುಟ್ಟುವುದು ಎಷ್ಟು ರೂಢಿಯಾಗಿತ್ತೆಂದರೆ, ಒಮ್ಮೆ ಹೊಸ ಗಿರಾಕಿಯೊಬ್ಬರು ಗಾಬರಿಯಾಗಿ, "ಡಾಕ್ಟರ್ ಕಡೆ ಹೋಗೂಣೇನ್ರಿ?" ಎಂದಿದ್ದರು.

ಓದು ಮುಗಿಸಿ ನಾನು ಅವನ ಮನೆಯಲ್ಲಿದ್ದ ದಿನಗಳಲ್ಲಿ, ನೂಲಿನ ವ್ಯವಹಾರಕ್ಕೆಂದು ಮುಂಬೈಗೆ ಹೋದ ಕಾಕಾ ಅಲ್ಲಿ ಯಾರದೋ ಮನೆಯಲ್ಲಿ ಜೀವಂತ ಹವಳ ನೋಡಿದ. ತಿಂಗಳೊಳಗೆ ಬನಹಟ್ಟಿಯ ಸೀರೆ ಖೋಲಿಗೆ ಗಾಜಿನ ತೊಟ್ಟಿಯಲ್ಲಿ ಸಮುದ್ರ ಬಂತು. ಕೃಷ್ಣೆ ಪಕ್ಕದಲ್ಲೇ ಹರಿದರೂ ಆ ನೀರು ಹವಳಕ್ಕೆ ಒಗ್ಗದು. ಶುದ್ಧ ಮಾಡಿದ ನೀರಿಗೆ ಡಬ್ಬಿಯಲ್ಲಿ ಬಂದ ಸಮುದ್ರದುಪ್ಪು ಕಲಸಬೇಕು, ಉಪ್ಪಿನ ಹದ ಅಳೆಯಬೇಕು, ವಾರಕ್ಕೊಮ್ಮೆ ಒಂದು ಪಾಲು ನೀರು ಬದಲಿಸಬೇಕು. ಉಪ್ಪಿನಕಾಯಿಗೆ ಉಪ್ಪು ಹೆಚ್ಚಾದರೂ ಗೊತ್ತಾಗದ ಮನುಷ್ಯ ಹವಳದ ನೀರನ್ನು ಹನಿ ಹನಿ ಅಳೆಯತೊಡಗಿದ. ಅವನ ಹವಳ ಕಲ್ಲಿನಂಥದ್ದಲ್ಲ, ಮೆತ್ತನೆಯದು. ಬಂಡೆಗೆ ಅಂಟಿದ ತೊಗಲಿನ ಅಣಬೆಯಂತಿತ್ತು. ತಲೆಯ ತುಂಬ ಕೇಸರದಂಥ ಎಳೆಗಳು. ಖುಷಿಯಾದರೆ ಅರಳುತ್ತಿದ್ದವು, ಮುನಿದರೆ ಒಳಗೆ ಸೇರುತ್ತಿದ್ದವು. ಬೇಸಿಗೆಯಲ್ಲಿ ಕರೆಂಟು ಹೋದರೆ ಇನ್ವರ್ಟರು ಮೊದಲು ಅದಕ್ಕೆ, ಉಳಿದರೆ ನಮಗೆ.

"ಲಗ್ನ ಆದಾಗಿಂದ ನನಗ ಒಂದ ಸಲಾನೂ ಸೆಕಿ ಆತೇನ ಅಂತ ಕೇಳಿಲ್ಲ," ಎನ್ನುತ್ತಿದ್ದಳು ಅವನ ಹೆಂಡತಿ, ನನ್ನ ಕಾಕು. "ಆ ಅಣಬಿಗೆ ತಾಸಿಗೊಮ್ಮೆ ಜ್ವರಾ ನೋಡ್ತಾರ."

ಮೆತ್ತನೆಯ ಹವಳವನ್ನು ಕತ್ತರಿಸಿದರೆ ಒಂದು ಎರಡಾಗುತ್ತದೆ. ತುಂಡನ್ನು ಕಲ್ಲಿಗೆ ಸಡಿಲವಾಗಿ ಕಟ್ಟಿಟ್ಟರೆ ಕೆಲವು ದಿನಗಳಲ್ಲಿ ತಾನೇ ಕಚ್ಚಿಕೊಳ್ಳುತ್ತದೆ. ಯಾವ ಸಾದಾ ದಾರವೂ ನಡೆಯುತ್ತದೆ. ಆದರೆ ಕಾಕಾ ನೇಕಾರ.

"ಸಾದಾ ದಾರಾ? ನೋಡಿದ ಮಂದಿ ಏನಂದಾರು? ಜರೀನ ಕಟ್ಟೂಣು."

ನಾಲ್ಕು ತುಂಡು, ನಾಲ್ಕು ಕಲ್ಲು. ತನ್ನ ಸೀರೆಗಳದೇ ಜರಿ, ಮಗ್ಗದಲ್ಲಿ ಹರಿದ ಎಳೆಗೆ ಹಾಕುವಂಥ ಗಂಟು. ಜರಿಯ ಉಂಡೆಯನ್ನು ಅವನ ಕೈಗೆ ಕೊಟ್ಟವರಾರು ಎಂಬುದನ್ನು ನನ್ನ ದಿನಚರಿ ಹೇಳುವುದಿಲ್ಲ. ಹೇಳದಿರುವುದರಿಂದ ನಾನೇ ಇರಬೇಕು.

ಮೂರನೆಯ ದಿನ ಜರಿ ಹಸಿರಾಯಿತು. ಕಾಕಾ ಕುಣಿದಾಡಿದ. "ನೋಡಲೇ, ಪಾಚಿ ಹತ್ತೇತಿ! ಬೇರು ಬಿಡಾಕತ್ತೈತಿ!" ಐದನೆಯ ದಿನ ತುಂಡುಗಳಷ್ಟೇ ಅಲ್ಲ, ತಾಯಿ ಹವಳವೂ ಎಳೆಗಳನ್ನೆಲ್ಲ ಒಳಗೆಳೆದುಕೊಂಡು ಮುದುಡಿ ಕುಳಿತಿತು. "ಪೊರಿ ಬಿಡತೈತಿ," ಎಂದ. ಗಾಜಿಗಂಟಿದ್ದ ಬಸವನಹುಳುಗಳು ಒಂದೊಂದಾಗಿ ಕಳಚಿ ಬಿದ್ದವು. ಆಮೇಲೆ ಕಾಕಾ ಊಟ ಬಿಟ್ಟು ಸ್ಟೂಲ್ ಹಾಕಿಕೊಂಡು ಗಾಜಿನೆದುರು ಕುಳಿತ.

ಮರುದಿನ ಬೀಳಗಿ ಕಡೆಯಿಂದ ಹಳೆಯ ಗಿರಾಕಿ ಬೀರವ್ವ ಬಂದಳು. ಕುರಿ ಮತ್ತು ಹೊಲ ಎರಡೂ ಇದ್ದ ಮನೆಯವಳು, ಹಣೆಯ ಮೇಲೆ ಬೀರಪ್ಪನ ಭಂಡಾರದ ಅರಿಶಿನ. ಮಗಳ ಲಗ್ನಕ್ಕೆ ಸೀರೆ ಬೇಕಿತ್ತು. ಕಾಕಾ ಒಲ್ಲದ ಮನಸ್ಸಿನಿಂದ ಎದ್ದು ಸೆರಗು ಬಿಡಿಸಿ, ಎದೆ ಮುಟ್ಟಿಕೊಂಡ. ಅದೇ ಹೊತ್ತಿಗೆ ನಾನು ಮೊಬೈಲಿನಲ್ಲಿ ಹವಳದ ಆರೈಕೆಯ ಬಗ್ಗೆ ಹುಡುಕುತ್ತಿದ್ದವನು ಗಟ್ಟಿಯಾಗಿ ಓದಿದೆ: "ನೀರಿಗೆ ತಾಮ್ರ ಸೇರಿದರೆ ಬಸವನಹುಳು ಸಾಯುತ್ತವೆ, ಹವಳವೂ ಉಳಿಯುವುದಿಲ್ಲ. ತಾಮ್ರಕ್ಕೆ ಹಸಿರು ಕಿಲುಬು ಬರುತ್ತದೆ." ಓದಿ ಸುಮ್ಮನಿರದೆ, "ಕಾಕಾ, ಆ ಜರಿ ತಾಮ್ರದ್ದೇನು?" ಎಂದೂ ಕೇಳಿದೆ.

ಕಾಕಾ ಪಕ್ಕದಲ್ಲಿದ್ದ ಕತ್ತರಿಯನ್ನೆತ್ತಿ ಕೈಯಲ್ಲಿ ತಿರುವತೊಡಗಿದ.

"ಬೆಳ್ಳಿ," ಎಂದ ಕಾಕಾ.

"ಬೆಳ್ಳಿ ಇದ್ರ ಅಂಜಿಕಿ ಇಲ್ಲ ಬಿಡ್ರಿ, ದಾರಾ ಇರಲಿ," ಎಂದಳು ಕಾಕು, ಬಾಗಿಲಲ್ಲಿ ನಿಂತು. "ತಾಮ್ರ ಇದ್ರ ಈಗ ಕತ್ತರಿಸರಿ."

ಕಾಕಾನ ಕೈಯಲ್ಲಿ ಕತ್ತರಿಯಿತ್ತು. ಒಂದು ಕಡೆ ಬೀರವ್ವ ಮತ್ತು ಬಿಡಿಸಿಟ್ಟ ಸೀರೆ, ಇನ್ನೊಂದು ಕಡೆ ಸಾಯುತ್ತಿರುವ ಹವಳ. ದಾರ ಕತ್ತರಿಸಿದರೆ ಇಷ್ಟು ವರ್ಷ ಆಡಿದ ಮಾತು ಹೋಯಿತು. ಬಿಟ್ಟರೆ ಹವಳ ಹೋಯಿತು. ಅಷ್ಟು ಹೊತ್ತು ಒಬ್ಬ ಮನುಷ್ಯ ಕತ್ತರಿ ಹಿಡಿದು ನಿಂತದ್ದನ್ನು ನಾನು ನೋಡಿಲ್ಲ. ಕೊನೆಗೆ ತೋಳು ಮಡಚಿ ತೊಟ್ಟಿಗೆ ಕೈಯಿಳಿಸಿದ. ಕಚ್, ಕಚ್, ಕಚ್, ಕಚ್.

"ತಾಮ್ರ ಐತಿ ಬೀರವ್ವಾ," ಎಂದ, ನೀರಿನ ಕಡೆಗೇ ಮುಖ ಮಾಡಿ. "ಮ್ಯಾಲ ಬೆಳ್ಳಿ ಬಣ್ಣ."

ಬೀರವ್ವ ಚಹಾದ ಕಪ್ಪು ಕೆಳಗಿಟ್ಟಳು. "ಅಯ್ಯ ಸಾವ್ಕಾರ್ರ, ಗೊತ್ತೈತಿ ತಗೋರಿ. ಈ ರೊಕ್ಕಕ್ಕ ಬೆಳ್ಳಿ ಯಾರ ಕೊಡ್ತಾರ? ನೇಯ್ಗಿ ಗಟ್ಟಿ ಇರತೈತಿ ಅಂತ ಬರತೀವಿ. ನೀವು ಎದಿ ಮುಟ್ಟಕೊಳ್ಳೂದು ನಮಗ ಚಹಾದ ಜೋಡಿ ಬಿಸ್ಕೀಟ ಇದ್ದಂಗ."

"ನಿನಗೂ ಗೊತ್ತಿತ್ತೇನ?" ಎಂದು ಕಾಕಾ ಕಾಕುವಿನ ಕಡೆ ತಿರುಗಿದ.

"ರಬಕವ್ಯಾಗ ಕಂಡಿಕಿಗೆ ನೂಲು, ಜರಿ ಸುತ್ತಿ ಬೆಳದಾಕಿ ನಾ. ಬೆರಳಿಗೆ ಗೊತ್ತಾಗೂದಿಲ್ಲೇನ್ರಿ?"

ಬೀರವ್ವ ಸೀರೆ ಒಯ್ದಳು. ತುಂಡುಗಳು ನಾಲ್ಕೂ ಕರಗಿಹೋದವು. ದಿನಕ್ಕೊಂದು ಪಾಲು ನೀರು ಬದಲಿಸಿ ಕಾಕಾ ತಾಯಿ ಹವಳವನ್ನು ಉಳಿಸಿಕೊಂಡ. ಸುಳ್ಳು ಸಿಕ್ಕಿಬಿದ್ದದ್ದಕ್ಕಲ್ಲ, ಅದನ್ನು ಯಾರೂ ಎಂದೂ ನಂಬಿರಲಿಲ್ಲವೆಂದು ತಿಳಿದದ್ದಕ್ಕೆ ಅವನು ಕುಗ್ಗಿದನೆಂದು ನನ್ನ ಅಂದಾಜು. ಆ ರಾತ್ರಿ ದಿನಚರಿಯಲ್ಲಿ ನಾನು ಬರೆದದ್ದು: "ಹವಳವನ್ನು ಉಳಿಸಲೆಂದು ಸತ್ಯವನ್ನು ಓದಿ ಹೇಳಿದೆ." ಅಕ್ಷರ ಬಹಳ ಚೆನ್ನಾಗಿದೆ.

ನಿನ್ನೆ ಹಲ್ಲು ಕೀಳಿಸಿಕೊಂಡು ಬಂದವನು ಬಾಯಲ್ಲಿನ ಅರಳೆ ತೆಗೆಯುತ್ತಲೇ ಕಾಕಾನಿಗೆ ಫೋನು ಮಾಡಿದೆ.

"ಖರೆ ಹೇಳ್ಲೇನ?" ಎಂದ ಅವನು. "ನೀ ಓದೂದಕ್ಕಿಂತ ಹಿಂದಿನ ದಿನಾನ ನನಗ ಸಂಶೆ ಬಂದಿತ್ತಲೇ. ಬಿಚ್ಚಿದ್ರ ನಿಮ್ಮ ಕಾಕು ಯಾಕ ಅಂತ ಕೇಳ್ತಾಳ ಅಂತ ಬಿಚ್ಚಲಿಲ್ಲ. ಆ ಒಂದ ದಿನ ಉಳಿದಿದ್ರ ತುಂಡೂ ಬದಕತಿದ್ವೋ ಏನೋ."

ಇಷ್ಟು ಹೇಳಿದವನಿಗೆ ನಾನೂ ಏನಾದರೂ ಕೊಡಬೇಕಿತ್ತು. ಅರ್ಧ ಮರಗಟ್ಟಿದ ಬಾಯಿಂದ ಹೇಳಿದೆ: "ಕಾಕಾ, ನಾ ಹವಳಕ್ಕಂತ ಓದಿರಲಿಲ್ಲ. ಬೀರವ್ವ ಕೇಳಲಿ ಅಂತ ಗಟ್ಟಿ ಓದಿದ್ನಿ. ನನಗ ಎಷ್ಟ ತಿಳೀತೈತಿ ಅನ್ನೂದು ಗೊತ್ತಾಗಲಿ ಅಂತ."



"ಅದೂ ಎಲ್ಲಾರಿಗೂ ಗೊತ್ತಿತ್ತು, ತಮ್ಮಾ," ಎಂದ ಕಾಕಾ.