ಹಿಡಿರಾಗಿಯ ವರದಿ

ನಂದಗುಡಿ ಕಡೆಯಿಂದ ತಂದ ರಾಗಿಯ ಚೀಲ ಬಿಚ್ಚಿದೆ. ಶುಂಠಿ, ಮೆಣಸಿನ ಘಾಟು ಮೂಗಿಗೆ ಹೊಡೆಯಿತು. ಸೀನಿದೆ. ಹಿಂದೆಯೇ ನಮ್ಮ ಕಾರ್ಯದರ್ಶಿಗಳ ಕೆಮ್ಮು ನೆನಪಾಯಿತು...

ಯುದ್ಧದ ವರ್ಷಗಳವು. ಹೊಸಕೋಟೆಯ ನಮ್ಮ ಉಚಿತ ವಿದ್ಯಾರ್ಥಿನಿಲಯ ನಡೆಯುತ್ತಿದ್ದದ್ದು ಹಿಡಿರಾಗಿಯಿಂದ. ಹಳ್ಳಿಯ ಹೆಂಗಸರು ದಿನವೂ ಅಡುಗೆಗೆ ಮುಂಚೆ ಒಂದು ಹಿಡಿ ತೆಗೆದು ನಿಲಯಕ್ಕೆಂದು ಇಟ್ಟ ಮಡಕೆಗೆ ಹಾಕುತ್ತಿದ್ದರು. ಕಾರ್ಯದರ್ಶಿಗಳು ತಿಂಗಳಿಗೊಮ್ಮೆ ಹೋಗಿ, ಎರಡು ಸಲ ಕೆಮ್ಮಿ, "ಮಹಾಜನರ ಔದಾರ್ಯದಿಂದ ಸಂಸ್ಥೆಯು ಉತ್ತರೋತ್ತರ ಅಭಿವೃದ್ಧಿ ಹೊಂದುತ್ತಿದ್ದು..." ಎಂದು ವರದಿ ಓದಿ, ರಾಗಿ ತರುತ್ತಿದ್ದರು.

ಒಂದು ತಿಂಗಳು ಚೀಲ ಖಾಲಿ ಬಂತು. "ನಮ್ ರಾಗಿ ಉಂಡೋರ್ಯಾರು ಅಂದ್ರೆ ಇವ್ರು ಕಾಗದ ಓದ್ತಾರೆ" ಎಂದು ಹೆಂಗಸರು ಮಡಕೆ ಕವುಚಿಬಿಟ್ಟಿದ್ದರಂತೆ. ನಮಗೆ ಒಪ್ಪೊತ್ತಿನ ಊಟವಾಯಿತು. ಇನ್ನೊಂದು ತಿಂಗಳು ಹೀಗಾದರೆ ನಿಲಯಕ್ಕೆ ಬೀಗ, ನನ್ನ ಮೆಟ್ರಿಕ್ಕಿಗೆ ಎಳ್ಳುನೀರು.

ಹಸಿದರೂ ನನ್ನ ನಾಲಗೆ ಸುಮ್ಮನಿರಬೇಕಲ್ಲ! ಪಂಚೆ ಎತ್ತಿ ಕಟ್ಟಿ, ಎರಡು ಸಲ ಕೆಮ್ಮಿ, "ಮಹಾಜನರ ಔದಾರ್ಯದಿಂದ ಹೊಟ್ಟೆಯು ಉತ್ತರೋತ್ತರ ಒಳಹೋಗುತ್ತಿದ್ದು..." ಎಂದೆ. ಗೆಳೆಯರು ನಗಲಿಲ್ಲ. ತಿರುಗಿದರೆ, ಹಿಂದೆ ಕಾರ್ಯದರ್ಶಿಗಳೇ.

"ಕೆಮ್ಮು ಚೆನ್ನಾಗಿ ಬಂತು ಕಣೋ. ನಾಳೆ ನನ್ಜೊತೆ ಬಾ."

ಹೊಡೆಯುವುದಕ್ಕೆ ಅಷ್ಟು ದೂರ ಯಾಕೆ ಎಂದು ದಾರಿಯುದ್ದಕ್ಕೂ ಕುತೂಹಲ. ಅವರು ಹೆಂಗಸರ ಮುಂದೆ ನನ್ನನ್ನು ನಿಲ್ಲಿಸಿ, "ಉಂಡೋನು ಇವ್ನೇ. ಕೇಳಿ" ಎಂದು ಪಕ್ಕಕ್ಕೆ ಕೂತುಬಿಟ್ಟರು.

"ಎಷ್ಟು ಮುದ್ದೆ ಉಣ್ತೀಯಾ?" ಮುದುಕಿಯೊಬ್ಬಳು ಕೇಳಿದಳು.

"ಎರಡು. ಪಕ್ಕದೋನು ಅತ್ಲಾಗೆ ನೋಡಿದ್ರೆ ಮೂರು."

"ಸಾರು?"

"ನೀರು ನೀರು. ಬಗ್ಗಿದ್ರೆ ನನ್ ಮುಖಾನೇ ಕಾಣ್ತದೆ. ಈ ಮುಖ ನೋಡ್ಕೊಂಡು ಉಣ್ಣೋಕಾಯ್ತದಾ ಅಮ್ಮಾ?"

ಎಲ್ಲರೂ ನಕ್ಕರು. ಕಾರ್ಯದರ್ಶಿಗಳು ಮಾತ್ರ ತಲೆ ತಗ್ಗಿಸಿ, ಓದದ ವರದಿಯ ಬೆನ್ನಿಗೆ ಒಂದೊಂದು ಪ್ರಶ್ನೆಯನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಮುಂದಿನ ತಿಂಗಳಿಂದ ಅವರು ಒಯ್ದದ್ದು ಬರೀ ಉತ್ತರಗಳನ್ನು. ಮಡಕೆಗಳು ತುಂಬಿದವು; ಸಾರಿಗೆಂದು ಹುರುಳಿಯೂ ಬಂತು.

ಎರಡು ತಿಂಗಳ ಹಿಂದೆ ಅವರು ತೀರಿಕೊಂಡರು. ಈಗ ಅವರ ಕುರ್ಚಿಯಲ್ಲಿ ನಾನು, ಅದೇ ನಿಲಯದ ಕಾರ್ಯದರ್ಶಿ. "ಕೀರ್ತಿಶೇಷರ ಅಗಲಿಕೆಯಿಂದ ಸಂಸ್ಥೆಗೆ ತುಂಬಲಾರದ ನಷ್ಟ" ಎಂದು ವರದಿಯಲ್ಲಿ ಅಚ್ಚು ಹಾಕಿಸಿ, ಗಾಡಿಯವನ ಕೈಲಿ ಊರೂರಿಗೆ ಕಳಿಸಿದೆ. ನಾನು ಹೋಗಲಿಲ್ಲ. ಯಾವ ವರದಿಯನ್ನು ಅಣಕಿಸಿದ್ದೆನೋ ಅದನ್ನೇ ಬರೆಯುವವನಾಗಿಬಿಟ್ಟಿದ್ದೆ...

ಮೊನ್ನೆ ರಾಗಿ ತರಲು ಹೋದಾಗ ಆ ವರದಿ, ಅಂದು ಮುದ್ದೆಯ ಲೆಕ್ಕ ಕೇಳಿದ್ದ ಮುದುಕಿಯ ಮಡಕೆಯ ಬಾಯಿಗೆ ಮುಚ್ಚಳವಾಗಿತ್ತು; ಅವಳಿಗೆ ಓದು ಬಾರದು. ಒಂದು ಪೊಟ್ಟಣ ಹಿಡಿದು ಬಂದಳು.

"ಕೆಮ್ಮೋರು ಯಾಕಪ್ಪಾ ಬರ್ಲಿಲ್ಲ? ಅವ್ರಿಗೇ ಅಂತ ಕಷಾಯದ ಪುಡಿ ಕುಟ್ಟಿ ಮಡಗಿವ್ನಿ."

ಅವಳ ಪಕ್ಕ ಕೂತು, ಅವರು ತೀರಿಹೋದದ್ದನ್ನು ಹೇಳಿದೆ. ಅವಳು ಪೊಟ್ಟಣವನ್ನು ರಾಗಿಯ ಚೀಲದೊಳಕ್ಕೇ ಹಾಕಿದಳು.